ಮೋಡದೊಳಗೆ ನೆಟ್ಟಗೆ ಹೋದ ಗೆರೆ

ಇಳಕಲ್ಲ,
ತಾ. ೨೦-೬-೧೯೭೯

ಹಿರಿಯಣ್ಣನಂತಿರುವ ಮುರ್ತುಜಸಾಬರಿಗೆ ನೀಲಾಂಬಿಕಾಳ ನಮಸ್ಕಾರಗಳು.

ನಿಮ್ಮ ಪತ್ರ ಮುಟ್ಟಿತು. ಅಷ್ಟು ದೊಡ್ಡ ತಪ್ಪಾದರೂ ನಮ್ಮವರನ್ನು ಮನೆಗೆ ಕಳಿಸಿಬಿಡದೆ ನಿಮ್ಮ ತಂಡದಲ್ಲೇ ಉಳಿಸಿಕೊಂಡಿದ್ದೀರಿ. ಮುಂಬಯಿಯಲ್ಲಿ ಅವರ ಸಾಹೇಬರಾದ ನೀವು ನಮ್ಮ ಹುನಗುಂದದವರು ಎಂಬುದೇ ನನಗೆ ಧೈರ್ಯ.

ಆದದ್ದನ್ನೆಲ್ಲ ಅವರೂ ಬರೆದಿದ್ದಾರೆ. ನಮ್ಮ ಮನೆಯಲ್ಲಿ ಸೋಮವಾರ ಮಗ್ಗಕ್ಕೆ ವಿಭೂತಿ ಹಚ್ಚದೆ ಲಾಳಿ ಮುಟ್ಟುವುದಿಲ್ಲ. ಅವರು ಹೊರಡುವಾಗ ನಮ್ಮತ್ತೆ ಇಂದ್ರಾಬಾಯಿ ಶಿವಯೋಗ ಮಂದಿರದ ವಿಭೂತಿ ಗಟ್ಟಿ ಕೊಟ್ಟು, "ಶಿವಲಿಂಗಾ, ನೀ ಯಾವ ಮಷೀನಿನ ಮ್ಯಾಲೆ ಕೆಲಸಾ ಮಾಡ್ತಿ, ಮೊದಲ ಅದಕ್ಕ ಹಚ್ಚು" ಎಂದಿದ್ದರು. ಇವರು ಅದನ್ನು ನೀರಲ್ಲಿ ಕಲಸಿ, ನೀವು ಮುಂಗಾರು ಮೋಡ ಅಳೆಯಲು ಹಾರುವ ವಿಮಾನದ ಮೂಗಿನಿಂದ ಮುಂದೆ ಚಾಚಿದ ಅಳತೆಕೋಲಿನ ತುದಿಗೆ ಮೂರು ಬೆರಳು ಎಳೆದೇಬಿಟ್ಟರು. ವಿಮಾನ ನಡೆಸುವವರ ಉಪಕರಣ ಬೇರೆಯಂತೆ, ಅದಕ್ಕೇನೂ ಆಗಲಿಲ್ಲ, ಪುಣ್ಯ. ಆದರೆ ಗಾಳಿಯ ಏರಿಳಿತ ಅಳೆಯುವ ಸೂಜಿಮೊನೆಯಂಥ ತೂತುಗಳೆಲ್ಲ ಮುಚ್ಚಿಹೋದವು.

ಕಡಲ ಮೇಲಿನ ಪುಟ್ಟ ಮೋಡದೊಳಗೆ ನುಗ್ಗಿದಾಗ ಚಹಾದ ಕಪ್ಪು ಮಗುಚಿದರೂ ಅವರ ಯಂತ್ರದ ಕಾಗದದ ಮೇಲೆ ಏರಿಳಿಯಬೇಕಾದ ಗೆರೆ ಮಾತ್ರ ನೆಟ್ಟಗೇ ಹೋಯಿತಂತೆ. "ಏನಲೇ ಶಿವಲಿಂಗ್ಯಾ, ನನ್ನ ಹೊಟ್ಟಿ ಬಾಯಿಗೆ ಬಂದೈತಿ, ನಿನ್ನ ಮಷೀನು ಧ್ಯಾನಕ್ಕ ಕುಂತೈತೇನು?" ಎಂದಿರಂತೆ ನೀವು. ಓದಿ ನಾನು ಎಷ್ಟು ಜೋರಾಗಿ ನಕ್ಕೆನೆಂದರೆ ಕೂಸು ಬೆಚ್ಚಿ ಅತ್ತಿತು. ಆ ಹಾರಾಟವೇ ವ್ಯರ್ಥವಾಯಿತೆಂಬ ಸಾಲಿಗೆ ಬಂದಾಗ ನಗು ನಿಂತಿತು.

ನಾನೂ ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಓದಿದವಳು. ಸಮುದ್ರದ ಆವಿ ಹನಿಯಾಗುವಾಗ ಬಿಡುವ ಶಾಖ ಗಾಳಿಯನ್ನು ಮೇಲಕ್ಕೆತ್ತುತ್ತದೆ. ದೊಡ್ಡ ಸುಳಿ ಒಡೆದು ತನ್ನ ಬಲವನ್ನು ಸಣ್ಣ ಸುಳಿಗಳಿಗೆ ದಾಟಿಸುತ್ತದೆ, ಅವು ಇನ್ನೂ ಸಣ್ಣವಕ್ಕೆ. ಕೊನೆಗೆ ಎಲ್ಲ ಬರೀ ಬಿಸುಪಾಗಿ ಅಡಗುತ್ತದೆ. ಅಂಚಿನಿಂದ ಒಣಗಾಳಿ ಹೊಕ್ಕರೆ ಅಂಥ ಮೋಡ ನೋಡನೋಡುತ್ತಲೇ ಕರಗುತ್ತದೆ. ಅವರು ಬರೆದ ಇದೆಲ್ಲ ನನಗೆ ತಿಳಿಯುತ್ತದೆ. ತಿಳಿದರೆ ಭಯ ಹೋಗುತ್ತದೆ ಅಂದುಕೊಂಡಿದ್ದೆ. ಈಗ ನೂಲು ಒಣಹಾಕಿದ ಅಂಗಳದ ಮೇಲೆ ಅರಳೆಯಷ್ಟು ಮೋಡ ಹಾಯ್ದರೂ ಒಳಗೆ ಎಷ್ಟು ಕುಲುಕಾಟವಿದೆಯೋ ಎಂದು ಕತ್ತೆತ್ತಿ ನಿಲ್ಲುತ್ತೇನೆ.

"ನಾಚಿ ಕುಂತಾನವಾ. ಹೆಂಡತಿ ಹೂಂ ಅಂದ್ರ ಮತ್ತ ವಿಮಾನಾ ಹತ್ತತೇನಿ ಅಂತಾನ. ಒಂದ ಮಾತು ಬರದ ಕಳಸು" ಎಂದು ಕೇಳಿದ್ದೀರಿ. ಬೇಡವೆಂದು ಬರೆದೆ, ಹರಿದೆ. ಕೆಟ್ಟ ಅಳತೆಯನ್ನು ತಾವೇ ಸರಿಮಾಡದೆ ಬಂದರೆ ಅವರ ಮೈ ಮಾತ್ರ ಇಲ್ಲಿಗೆ ಬರುತ್ತದೆ, ಮನಸ್ಸು ಅಲ್ಲೇ ಇರುತ್ತದೆ. ನೀವು ಆ ಕೋಲನ್ನು ಅವರ ಕೈಯಿಂದಲೇ ತೊಳೆಸಿ, ಯಾರೆದುರೂ ಆಡಿ ನಗಲಿಲ್ಲವಂತೆ. ಅದನ್ನು ನಾನು ಮರೆಯುವುದಿಲ್ಲ. ಅಣ್ಣನವರೆ, ಮುಂದಿನ ಹಾರಾಟಕ್ಕೆ ಅವರ ಹೆಸರು ಬರೆದುಕೊಳ್ಳಿ.

ನಿಮ್ಮ ತಂಗಿಯಂಥವಳು,
ನೀಲಾಂಬಿಕಾ

ತಾ.ಕ.: ಮುಂದಿನ ಪತ್ರವೂ ನನ್ನ ಹೆಸರಿಗೇ ಇರಲಿ. ಆ ಮಷೀನು ಹಾರುತ್ತದೆಂದು ಅತ್ತೆಯವರಿಗೆ ನಾವು ಹೇಳಿಲ್ಲ. ಕಚೇರಿಯಲ್ಲಿ ನೆಲಕ್ಕೆ ಹೂಡಿದ ಯಂತ್ರವೆಂದೇ ತಿಳಿದಿದ್ದಾರೆ. ಹೇಳಿದ್ದರೆ ಹೆದರುವುದಕ್ಕೆ ನನಗೊಬ್ಬರು ಜೊತೆಯಾಗುತ್ತಿದ್ದರು. ಇರಲಿ, ಈ ಮನೆಯಲ್ಲಿ ಒಬ್ಬರಾದರೂ ನಿದ್ದೆ ಮಾಡಲಿ.