ಭುಜದ ಹಿಂದಿನ ಗೆರೆ

ತಿಂಗಳ ಏಳನೆಯ ದಿನ

ಇವತ್ತೂ ದೇವಿಯ ಮೂಗನ್ನೇ ಉಜ್ಜುತ್ತಾ ಕೂತೆ. ಆರ್ಟೆಮಿಸ್ ದೇವಿಯ ಗುಡಿಗೆಂದು ಎರಡು ವಿಗ್ರಹ — ಒಂದು ನನ್ನದು, ಇನ್ನೊಂದು ಡೆಕ್ಸಿಯೋಸನದು. ನಮ್ಮ ಪಾರೋಸ್ ದ್ವೀಪದ ಹಿರಿಯರು ಆರಿಸುವುದು ಒಂದನ್ನೇ. ನನ್ನದಕ್ಕೆ ಬಣ್ಣ ಹಚ್ಚಲು ಬರುತ್ತೇನೆಂದಿದ್ದಳು ನಿಕಿಪ್ಪೆ. ಬರಲಿಲ್ಲ. ಸಂಜೆ ಬಾವಿಯ ಹತ್ತಿರ ಸಿಕ್ಕಳು. ಬೆರಳ ತುದಿಯೆಲ್ಲ ನೀಲಿ.

“ಡೆಕ್ಸಿಯೋಸನ ದೇವಿಯ ಉಡುಗೆಗೆ ಬಳಿದೆ ಕಣೋ. ಎಂಥಾ ನೆರಿಗೆ! ಗಾಳಿಗೆ ಹಾರ್ತಿದೆಯೇನೋ ಅನ್ಸುತ್ತೆ.”

“ನನ್ನದು?”

“ನಿನ್ನದು ಸುಮ್ನೆ ನಿಂತಿರುತ್ತೆ ಬಿಡು.” ನಕ್ಕಳು.

ಮೂರು ವರ್ಷದಿಂದ ಅವಳನ್ನು ಮದುವೆಗೆ ಕೇಳಬೇಕೆಂದಿದ್ದೇನೆ. ಈ ವಿಗ್ರಹ ಗೆಲ್ಲಲಿ, ಆಮೇಲೆ ಎಂದು...

ಒಂಬತ್ತನೆಯ ದಿನ

ಡೆಕ್ಸಿಯೋಸನೇ ಕರೆದ. “ಬಾರೋ ಯೂಮಾರೆಸ್, ನೋಡಿ ಹೊಟ್ಟೆ ಉರ್ಕೋ!”

ಹೋದೆ. ಉರಿಯಿತು. ಕಲ್ಲು ಉಸಿರಾಡುತ್ತಿತ್ತು.

ಬಣ್ಣ ಹಚ್ಚದ ಬೆನ್ನಿನ ಧೂಳಿಗೆ ನೀರೆರಚಿದ. ಒದ್ದೆಯಾದ ಕಲ್ಲಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ — ಭುಜದ ಹಿಂದಿನಿಂದ ಕತ್ತಿನವರೆಗೆ. ಹಗ್ಗ ಹಾಕಿ ಎತ್ತಿದರೆ ಬಿರಿಯುವುದು ಖಂಡಿತ. ಅವನ ಕಣ್ಣು ಕಲ್ಲಿನ ಮೇಲಿರಲಿಲ್ಲ. ನನ್ನ ಮುಖದ ಮೇಲಿತ್ತು, ಹೊಗಳಿಕೆಗೆ ಕಾಯುತ್ತಾ.

“ಚೆನ್ನಾಗಿದೆ” ಎಂದೆ.

ಕಲ್ಲು ಒಣಗಿತು. ಗೆರೆ ಮಾಯ.

ಹನ್ನೊಂದನೆಯ ದಿನ

ಅವನದನ್ನೇ ಆರಿಸಿದರು. ಹದಿನಾಲ್ಕಕ್ಕೆ ಪೀಠಕ್ಕೇರಿಸುತ್ತಾರಂತೆ. ನಿಕಿಪ್ಪೆ ಎಲ್ಲರೆದುರು ಅವನ ಕೈ ಹಿಡಿದು ಕುಣಿದಳು.

ಏರಿಸಲಿ. ಬಿರಿಯಲಿ. ಊರೆಲ್ಲ ನೋಡಲಿ.

ಹದಿನಾಲ್ಕು, ಮಧ್ಯಾಹ್ನ

ಕಣ್ತುಂಬ ನೋಡಲೆಂದೇ ಹೋದೆ. ಹಗ್ಗ ಬಿಗಿದಾಗಿತ್ತು. ಪೀಠಕ್ಕೆ ಆತುಕೊಂಡು ನಿಕಿಪ್ಪೆ, ಕೈಯಲ್ಲಿ ಬಣ್ಣದ ಬಟ್ಟಲು — ಹಗ್ಗ ಉಜ್ಜಿದ ಕಡೆ ತಿದ್ದಲು. ವಿಗ್ರಹ ಬಿದ್ದರೆ ಬೀಳುವುದು ಅವಳ ಮೇಲೆಯೇ.

“ನಿಲ್ಸಿ! ಕಲ್ಲು ಬಿರಿದಿದೆ!” ಎಂದು ಕಿರುಚಿದೆ.

“ಬಿರಿದಿರೋದು ನಿನ್ನ ಹೊಟ್ಟೆ ಕಣಯ್ಯಾ, ಹೊಟ್ಟೆಕಿಚ್ಚಿಗೆ!” ಹಗ್ಗದವನೊಬ್ಬ ಕೂಗಿದ. ಎಲ್ಲರೂ ನಕ್ಕರು. ನಿಕಿಪ್ಪೆ ನಗಲಿಲ್ಲ. ನಾನು ತೋರಿಸಿದ ಕಡೆ ಬಣ್ಣ ಕಲಸುವ ನೀರು ಸುರಿದಳು. ಗೆರೆ ಎದ್ದಿತು. ಡೆಕ್ಸಿಯೋಸ್ ಓಡಿ ಬಂದು ಹಗ್ಗ ಬಿಡಿಸಿದ.

ಅವಳು ನನ್ನನ್ನು ಕಂಬದ ಮರೆಗೆ ಕರೆದಳು.

“ಯಾವತ್ತು ಗೊತ್ತಾಯ್ತು ನಿಂಗೆ?”

ಸುಳ್ಳು ಹೇಳಬಹುದಿತ್ತು. “ಒಂಬತ್ತನೇ ದಿನ.”

ಬೆರಳು ಮಡಿಚಿ ಎಣಿಸಿದಳು. “ಐದು ದಿನ. ಅಲ್ಲಿ ನನ್ನ ಬದ್ಲು ಅವನು ನಿಂತಿದ್ರೆ ಬಾಯಿ ಬಿಡ್ತಿದ್ಯೇನೋ?”



ಹದಿನಾರು

ನನ್ನ ದೇವಿ ಗುಡಿ ಸೇರಿದಳು. ನೋಡಲು ಹೋಗಲಿಲ್ಲ.

ಡೆಕ್ಸಿಯೋಸ್ ಬಂದಿದ್ದ. ತಬ್ಬಿಕೊಂಡು ಅತ್ತ. “ನನ್ನ ಕೈಯಾರೆ ನಿಕಿಪ್ಪೆನ ಸಾಯಿಸ್ತಿದ್ದೆನಲ್ಲೋ! ಮುಂದಿನ ತಿಂಗಳು ನಮ್ಮಿಬ್ರ ಮದುವೆ. ನೀನೇ ಮೊದ್ಲು ಬರ್ಬೇಕು.”

ಹಾಗಾದರೆ ಆ ಐದು ದಿನದ ಮಾತನ್ನು ನಿಕಿಪ್ಪೆ ಅವನಿಗೆ ಹೇಳಿಲ್ಲ. ನನ್ನ ಮಾನ ಉಳಿಸಲೋ, ಅವನ ಮನಸ್ಸು ನೋಯದಿರಲಿ ಎಂದೋ — ನನಗಾಗಿಯೇ ಇದ್ದರೆ, ಅಷ್ಟಾದರೂ ನನ್ನ ಪಾಲಿಗೆ...