ಹದಿನಾಲ್ಕನೇ ನಂಬರಿನ ಹೊಗೆ

ಮೇ 5, ಸೋಮವಾರ

ಬೆಳಿಗ್ಗೆ ಎರಡು ಗುಂಡಿ ನೋಡಿದೆ. ಒಂದು ಪಾಸ್, ಒಂದು ಫೇಲ್. ಫೇಲ್ ಆದವನು ಪೈಪ್ ಮೇಲೆ ಆಗಲೇ ಅರ್ಧ ಮಣ್ಣು ಎಳೆದಿದ್ದ. "ಮೇಡಂ, ಕೆಳಗೆಲ್ಲ ಸರಿಯಾಗೇ ಇದೆ, ನಂಬಿ" ಅಂದ. ನಂಬಿಕೆ ದೇವರ ಮೇಲಿರಲಿ, ಪೈಪ್ ಮೇಲೆ ಬೇಡ ಅಂದೆ. ಮನೆ ಪೈಪನ್ನ ಒಳಚರಂಡಿಗೆ ಸೇರಿಸಿದ ಮೇಲೆ, ಗುಂಡಿ ತೆರೆದಿರುವಾಗಲೇ ಇನ್‌ಸ್ಪೆಕ್ಟರ್ ಕಣ್ಣಾರೆ ನೋಡಬೇಕು. ಆಮೇಲೇ ಮುಚ್ಚೋದು. ಇಪ್ಪತ್ತಾರು ವರ್ಷದಿಂದ ಇದನ್ನೇ ಹೇಳಿ ಹೇಳಿ ಬಾಯಿ ಸವೆದಿದೆ. ಮಣ್ಣು ತೆಗೆಸಿದೆ. ಕೆಳಗೆ ಎಲ್ಲಾ ಸರಿಯಾಗೇ ಇತ್ತು. ಆದ್ರೂ ಬೈದೆ.

ಮಧ್ಯಾಹ್ನ ನಮ್ಮ ಬೀದಿ ಕೊನೆಯ ಟೈಲರ್ ಅಕ್ಕ ಆಫೀಸಿಗೆ ಬಂದಿದ್ದರು. ಶನಿವಾರದ ಮಳೆಗೆ ಮತ್ತೆ ಅಂಗಡಿಯೊಳಗೆ ಕೊಳಚೆ ಉಕ್ಕಿದೆ. ಬಚ್ಚಲ ಜಾಲರಿಯಿಂದ, ಪಾದ ಮುಳುಗುವಷ್ಟು. ಬೀದಿಯ ತಗ್ಗಿನಲ್ಲಿ ಅವರ ಅಂಗಡಿ — ಮೇನ್ ಲೈನ್ ತುಂಬಿದ್ರೆ ಮೊದಲು ಬರೋದು ಅಲ್ಲಿಗೇ. ಬೀದಿಯಲ್ಲಿ ಮಹಡಿಗಳು ಎದ್ದ ಮೇಲೆ, ಎರಡು ವರ್ಷದಿಂದ ಹೀಗೆ. "ಈ ಮಳೆಗಾಲ ಶುರುವಾಗೋ ತನಕ ನೋಡ್ತೀನಿ ಮೇಡಂ. ಆಮೇಲೆ ಬಾಗಿಲು ಹಾಕಿ ತಮ್ಮನ ಮನೆ ಸೇರ್ಕೋತೀನಿ" ಅಂದರು. ಸಿಟ್ಟಿಲ್ಲ, ಗೋಳಿಲ್ಲ. ಅಳತೆ ಹೇಳಿದ ಹಾಗೆ ಹೇಳಿದರು. ಇಪ್ಪತ್ತು ವರ್ಷದ ಅಂಗಡಿ.

ಯಾರೋ ಮಾಳಿಗೆಯ ಮಳೆನೀರನ್ನ ಒಳಚರಂಡಿಗೆ ಬಿಟ್ಟಿದ್ದಾರೆ, ಅಷ್ಟೇ ವಿಷಯ. ಬಚ್ಚಲು, ಕಕ್ಕಸಿನದು ಮಾತ್ರ ಒಳಚರಂಡಿಗೆ. ಮಳೆನೀರು ರಸ್ತೆ ಮೋರಿಗೆ. ಎಷ್ಟು ಸುಲಭದ ರೂಲ್. ಹಾಗೆ ಸೇರಿಸಿದ್ದ ಮೂರು ಮನೆ ಹಿಡಿದು, ದಂಡ ಹಾಕಿ, ಬಿಡಿಸಿದ್ದೀನಿ. ಆದ್ರೂ ಉಕ್ತಿದೆ. ಅಂದ್ರೆ ನಾಲ್ಕನೇದು ಒಂದಿದೆ.

ಫೆಬ್ರವರಿಯಲ್ಲಿ ಅಕ್ಕನಿಗೇ ನೋಟಿಸ್ ಕೊಟ್ಟಿದ್ದೆ, ಬಟ್ಟೆ ಚೂರು ಹಾಕಿ ಲೈನ್ ಬ್ಲಾಕ್ ಮಾಡಿದ್ದೀರಿ ಅಂತ. ಒಂದು ದಾರದ ತುಂಡೂ ಹಾಕಿಲ್ಲ ಅಂದಿದ್ದರು. ಎಲ್ಲರೂ ಹಾಗೇ ಅಂತಾರೆ ಅಂದುಕೊಂಡಿದ್ದೆ.

ಮನೆಗೆ ಬಂದಾಗ ಇವರು ಗಡಿಯಾರ ಬಿಚ್ಚಿ ಹರಡಿಕೊಂಡು ಕೂತಿದ್ದರು. ನಡೀತಿದ್ದ ಗಡಿಯಾರ. ಡ್ರಾಯಿಂಗ್ ಮೇಷ್ಟ್ರು ರಿಟೈರಾದ್ರೆ ಮನೆ ಸಾಮಾನಿಗೆ ಉಳಿಗಾಲ ಇಲ್ಲ.

ಮೇ 8, ಗುರುವಾರ, ಸಂಜೆ

ನಾಳೆ ಹೊಗೆ ಪರೀಕ್ಷೆ. ಪಕ್ಕದ ಊರಿನ ಆಫೀಸಿಂದ ಯಂತ್ರ ಬರೋಕೆ ಎರಡು ತಿಂಗಳು ಹಿಡೀತು. ಮ್ಯಾನ್‌ಹೋಲ್ ಬಾಯಿಗೆ ಕೂರಿಸಿ ಹೊಗೆ ಊದೋದು. ಅದು ಒಂದೊಂದು ಮನೆ ಪೈಪಿಗೂ ಏರುತ್ತೆ. ಮಾಳಿಗೆ ಮೇಲಿನ ಗಾಳಿ ಪೈಪಿಂದ ಬಂದ್ರೆ ಸರಿ. ಮಳೆನೀರಿನ ಪೈಪಿಂದ ಬಂದ್ರೆ ಕಳ್ಳ ಸಿಕ್ಕ.

ಸ್ಕೇಲ್ ಜೊತೆ ಮನೆ ಮನೆಗೂ ಹೋಗಿ ಹೇಳಿ ಬಂದೆ. ಆ ಹೆಸರು ಇಟ್ಟಿದ್ದು ನಾನೇ — ಜೂನಿಯರ್ ಇನ್‌ಸ್ಪೆಕ್ಟರ್ ಆಗಿ ಸೇರಿದ ದಿನದಿಂದ ಜೇಬಲ್ಲಿ ಸ್ಟೀಲ್ ಸ್ಕೇಲ್ ಇಲ್ಲದೆ ಅವನನ್ನ ನೋಡಿಲ್ಲ. ಎರಡು ಮಕ್ಕಳ ತಂದೆ, ಮಕ್ಕಳ ಎತ್ತರಾನೂ ಅದರಲ್ಲೇ ಅಳೀತಾನಂತೆ.

ಎಲ್ಲರಿಗೂ ಒಂದೇ ಪಾಠ. ಬಳಸದ ಬಚ್ಚಲಿದ್ರೆ ಒಂದು ಬಕೆಟ್ ನೀರು ಸುರೀರಿ, ಇಲ್ಲಾಂದ್ರೆ ಹೊಗೆ ಒಳಗೆ ಬರುತ್ತೆ. ಬಂದ್ರೂ ಹೆದರಬೇಡಿ. ಫೈರ್ ಇಂಜಿನ್ ಕರೀಬೇಡಿ. ಒಂಬತ್ತನೇ ನಂಬರಿನ ತಾತ, "ಸೊಳ್ಳೆ ಸಾಯುತ್ತೇನಮ್ಮಾ?" ಅಂದರು. ಇಲ್ಲ ತಾತ ಅಂದೆ. "ಮತ್ಯಾಕೆ ಇಷ್ಟೆಲ್ಲ" ಅಂತ ಬಾಗಿಲು ಹಾಕಿಕೊಂಡರು.

ನಮ್ಮ ಮನೆಗೆ ಮಾತ್ರ ಹೇಳಲಿಲ್ಲ. ನಮ್ಮ ಮನೆಗೆ ಏನು ಹೇಳೋದು.

ಮೇ 9, ಶುಕ್ರವಾರ

ಹತ್ತು ಗಂಟೆಗೆ ಶುರು. ಹೊಗೆ ಚೆನ್ನಾಗಿ ಏರಿತು. ಮನೆ ಮನೆ ಮೇಲೂ ಬಿಳಿ ಹೊಗೆ, ಬೀದಿಯವರೆಲ್ಲ ಒಟ್ಟಿಗೆ ಹಸಿ ಸೌದೆ ಒಲೆ ಹಚ್ಚಿದ ಹಾಗೆ. ಜನ ಹೊರಗೆ ಬಂದು ನೋಡ್ತಿದ್ರು. ಪಟ್ಟಿ ಹಿಡಿದು ಟಿಕ್ ಮಾಡ್ತಾ ಬಂದೆ. ಹನ್ನೆರಡು, ಸರಿ. ಹದಿಮೂರು, ಸರಿ. ಹದಿನಾಲ್ಕಕ್ಕೆ ತಲೆ ಎತ್ತದೆ ಟಿಕ್ ಹಾಕಿದೆ.

"ಮೇಡಂ" ಅಂದ ಸ್ಕೇಲ್. "ಹದಿನಾಲ್ಕು ನೋಡಿ."

"ಅದು ನಮ್ಮನೆ ಕಣಯ್ಯ."

"ಗೊತ್ತು ಮೇಡಂ. ನೋಡಿ."

ನೋಡಿದೆ. ಮೂಲೆಯ ಮಳೆನೀರಿನ ಪೈಪ್ ಬಾಯಿಂದ ಬುಸುಬುಸು ಹೊಗೆ. ಅದರ ಕೆಳಗೇ ನಿಂತು ಇವರು ನನಗೆ ಕೈ ಬೀಸ್ತಿದ್ದರು.

"ಗಾಳಿ ಪೈಪ್ ಇರಬೇಕು."

"ಗಾಳಿ ಪೈಪಿಂದಲೂ ಬರ್ತಿದೆ. ಅದು ಆ ಕಡೆ."

ಬೀದಿಯವರಿಗೆ ಯಾವ ಪೈಪ್ ಏನು ಅಂತ ಗೊತ್ತಿಲ್ಲ. ಎಲ್ಲ ಮನೆ ಮೇಲೂ ಹೊಗೆ, ನಮ್ಮನೆ ಮೇಲೂ ಹೊಗೆ. ಗೊತ್ತಿದ್ದದ್ದು ನಮ್ಮಿಬ್ಬರಿಗೆ. ಸ್ಕೇಲ್ ತನ್ನ ಶೂ ನೋಡ್ತಾ ನಿಂತ.

ಕೊನೆಯಲ್ಲಿ ಟೈಲರ್ ಅಕ್ಕ ಬಾಗಿಲಲ್ಲೇ ಕಾಯ್ತಿದ್ದರು. "ಸಿಕ್ತಾ ಮೇಡಂ, ನಾಲ್ಕನೇ ಮನೆ?"

"ಪಟ್ಟಿ ನೋಡಿ ಹೇಳ್ತೀನಿ ಅಕ್ಕಾ" ಅಂದೆ. ಕೈಯಲ್ಲೇ ಇತ್ತು ಪಟ್ಟಿ.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಊರಿಗೆಲ್ಲ ಹೇಳ್ತಿದ್ದ ಗಾದೆ, ಈಗ ನನಗೇ.

ಮೇ 13, ಮಂಗಳವಾರ

ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ. ಪೆನ್ನು ಎತ್ತೋಕೆ ಮನಸ್ಸಾಗಲಿಲ್ಲ.

ಇವತ್ತು ರೆಕಾರ್ಡ್ ರೂಮಿಂದ ನಮ್ಮನೆ ಫೈಲ್ ತೆಗೆಸಿದೆ. ಒಂಬತ್ತು ವರ್ಷದ ಹಿಂದಿನದು. "ಗುಂಡಿ ತೆರೆದಿರುವಾಗ ಖುದ್ದು ಪರಿಶೀಲಿಸಿದ್ದೇನೆ." ಕೆಳಗೆ ನನ್ನ ಸೈನ್. ಖುದ್ದಂತೆ. ಆಗ ನಾನು ಇನ್ಯಾರದೋ ಮನೆ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡು, ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದೆ. ಇವರೇ ಆಳು ಕರೆಸಿ, ಪೈಪ್ ಹಾಕಿಸಿ, ಮುಚ್ಚಿಸಿ, ಫಾರಂ ಹಾಸಿಗೆಗೆ ತಂದರು. ಎಲ್ಲಾ ನಿನ್ನ ರೂಲ್ ಪ್ರಕಾರ ಅಂದರು. ದಿಂಬಿನ ಮೇಲಿಟ್ಟುಕೊಂಡು ಸೈನ್ ಮಾಡಿದೆ. ಬೇರೆ ಯಾವ ಗಂಡ ಹಾಗಂದಿದ್ರೂ ಅಗೆಸ್ತಿದ್ದೆ.

ಊಟ ಆದ ಮೇಲೆ ಕೇಳಿದೆ. "ರೀ, ಮಾಳಿಗೆ ನೀರು ಎಲ್ಲಿಗೆ ಹೋಗುತ್ತೆ?"

ಸ್ಕ್ರೂಡ್ರೈವರ್ ಕೆಳಗಿಟ್ಟರು. ಯೋಚನೆ ಮಾಡಿದರು. ನಿಜವಾಗಲೂ ಮರೆತಿದ್ದರು, ಪಾಪ.

"ಓ, ಅದಾ. ಮಳೆನೀರು ಅಂಗಳಕ್ಕೆ ಬೀಳ್ತಿತ್ತಲ್ಲ. ಪಾಚಿ ಕಟ್ಟಿತ್ತು. ನೀನು ಊರುಗೋಲು ಹಿಡ್ಕೊಂಡು ಓಡಾಡಬೇಕು. ಜಾರಿ ಇನ್ನೊಂದು ಕಾಲೂ ಮುರ್ಕೊಂಡ್ರೆ ಅಂತ ಜೀವ ಹೋಗ್ತಿತ್ತು ನಂಗೆ. ಹೇಗೂ ಗುಂಡಿ ತೆಗೆದಿತ್ತು. ಇದನ್ನೂ ಸೇರಿಸಿಬಿಡಪ್ಪ ಅಂದೆ."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಬಿಡಿಸ್ತಿದ್ದೆ."

ಹೌದು. ಬಿಡಿಸ್ತಿದ್ದೆ. ಸಿಟ್ಟು ಬಂತು. ಅಳೂನೂ ಬಂತು. ಇವರನ್ನೂ ನನ್ನನ್ನೂ ಒಟ್ಟಿಗೆ ಬೈಯೋಣ ಅಂದ್ರೆ ಯಾರಿಂದ ಶುರು ಮಾಡೋದು ಗೊತ್ತಾಗಲಿಲ್ಲ. ನಾನು ಒಣ ಅಂಗಳದಲ್ಲಿ ಓಡಾಡ್ಕೊಂಡಿದ್ದೆ, ಅಲ್ಲಿ ಅಕ್ಕ ನಮ್ಮ ಮಾಳಿಗೆ ಮಳೆಗೆ ಉಕ್ಕಿದ ಕೊಳಚೆ ಬಳೀತಿದ್ದರು.

"ಭಾನುವಾರ ನಾನೇ ಸದ್ದಿಲ್ಲದೆ ಬಿಚ್ಚಿಬಿಡ್ತೀನಿ ಬಿಡೇ" ಅಂದರು ಇವರು. "ಸಮಸ್ಯೆ ತೀರಿತಲ್ಲ. ಯಾರಿಗೆ ಗೊತ್ತಾಗುತ್ತೆ?"

ಒಂದು ಗಳಿಗೆ ಹೌದಲ್ವಾ ಅನ್ನಿಸಿತು. ಸುಳ್ಳು ಯಾಕೆ ಬರೀಲಿ. ಒಂದು ಗಳಿಗೆ ಅಲ್ಲ, ನಾಲ್ಕು ದಿನದಿಂದ ಅನ್ನಿಸ್ತಿದೆ. ಆದ್ರೆ ಬಟ್ಟೆ ಚೂರಿನ ನೋಟಿಸ್ ಇನ್ನೂ ಅಕ್ಕನ ಹೆಸರಲ್ಲೇ ಇದೆ.

ಮೇ 14, ಬುಧವಾರ

ಹೋದೆ. ಅಕ್ಕ ಮೆಷಿನ್ ಮುಂದೆ ಕೂತಿದ್ದರು. ನಿಂತುಕೊಂಡೇ ಹೇಳಿದೆ, ಕೂತ್ರೆ ಹೇಳ್ತಿರಲಿಲ್ಲ. ನಾಲ್ಕನೇ ಮನೆ ನಮ್ಮದೇ. ನೋಡದೆ ಸೈನ್ ಮಾಡಿದ್ದು ನಾನೇ.

ಮೆಷಿನ್ ನಿಲ್ಲಲಿಲ್ಲ. ಹೊಲಿಗೆ ಕೊನೆ ಮುಟ್ಟಿಸಿ, ದಾರ ಕತ್ತರಿಸಿ, ಆಮೇಲೆ ನನ್ನ ಕಡೆ ತಿರುಗಿದರು.

"ನನ್ನ ಗಿರಾಕಿಗಳ ಮುಂದೆ ಹೇಳಿದ್ರಿ ಮೇಡಂ, ಚೂರು ಹಾಕ್ತೀನಿ ಅಂತ."

"ಹೌದು ಅಕ್ಕಾ. ತಪ್ಪಾಯ್ತು."

"ಬಾಯಲ್ಲಿ ಹೇಳಿದ್ದನ್ನ ಬಾಯಲ್ಲಿ ವಾಪಸ್ ತಗೊಂಡ್ರಿ. ಬರೆದು ಕೊಟ್ಟಿದ್ದನ್ನ ಬರೆದೇ ತಗೊಳ್ಳಿ."

ಅಲ್ಲೇ, ಕತ್ತರಿ ಪಕ್ಕದಲ್ಲಿ ಕೂತು ಬರೆದುಕೊಟ್ಟೆ. ಎರಡು ಸಲ ಓದಿದರು. ಒಂದು ಕಡೆ ಬೆರಳಿಟ್ಟು, "ಇಲ್ಲಿ 'ಬಹುಶಃ' ಅಂತಿದೆ" ಅಂದರು. ಹೊಡೆದು ಹಾಕಿದೆ. ಆಮೇಲೆ ಟೀ ತರಿಸಿದರು. ಕ್ಷಮಿಸಿದ್ರೋ ಇಲ್ವೋ ಹೇಳಲಿಲ್ಲ. ಟೀ ಮಾತ್ರ ಸಕ್ಕರೆ ಮುಂದಾಗಿತ್ತು, ಚೆನ್ನಾಗಿತ್ತು.

ಹೊರಟಾಗ ಕೇಳಿದೆ, ಅಂಗಡಿ ವಿಚಾರ ಏನು ಮಾಡಿದ್ರಿ ಅಂತ. "ಒಂದು ಮಳೆ ಬರಲಿ" ಅಂದರು.

ಮೇ 16, ಶುಕ್ರವಾರ

ಪಟ್ಟಿಯಲ್ಲಿ ಹದಿನಾಲ್ಕರ ಟಿಕ್ ಹೊಡೆದು ಹಾಕಿ, ರಿಪೋರ್ಟ್ ಸಮೇತ ಸಾಹೇಬರ ಟೇಬಲ್ ಮೇಲಿಟ್ಟೆ. ಓದಿದರು. ಕನ್ನಡಕ ತೆಗೆದರು. "ಇದನ್ನ ಬರೀಲೇಬೇಕಿತ್ತೇನಮ್ಮಾ?" ಅಂದರು. ಬರೀಲೇಬೇಕಿತ್ತು ಸಾರ್. ಮೆಮೋ ಕೊಟ್ಟರು. ಇಪ್ಪತ್ತಾರು ವರ್ಷದ ಸರ್ವಿಸ್‌ನಲ್ಲಿ ಮೊದಲನೇದು. ದಂಡ ಬೇರೆ, ಆ ಮೂರು ಮನೆಯವರಿಗೆ ಹಾಕಿದ್ದಷ್ಟೇ.

ವಿಚಿತ್ರ ಅಂದ್ರೆ, ಹಗುರ ಆಯ್ತು. ಮಧ್ಯಾಹ್ನ ಊಟದ ಡಬ್ಬಿ ಪೂರ್ತಿ ಖಾಲಿ ಮಾಡಿದೆ, ಸ್ಕೇಲ್ ಡಬ್ಬಿಯಿಂದಲೂ ಒಂದಿಷ್ಟು ತಿಂದೆ.

ನೋಟಿಸ್ ನಾನೇ ಬರೆದು, ನಾನೇ ಮನೆಗೆ ತಂದು, ಇವರ ಕೈಗೆ ಕೊಟ್ಟೆ. "ಸ್ವೀಕರಿಸಿದವರ ಸಹಿ" ಜಾಗದಲ್ಲಿ ಇವರು ನನ್ನ ಚಿತ್ರ ಬರೆದರು, ಊರುಗೋಲು ಸಮೇತ. ಸರ್ಕಾರಿ ಕಾಗದ ಕಣ್ರೀ ಅದು. ಇನ್ನೊಂದು ಕಾಪಿ ಬರೀಬೇಕಾಯ್ತು. ಚಿತ್ರದ್ದು ಇಲ್ಲೇ ಈ ಪುಸ್ತಕದಲ್ಲಿದೆ.

ಮೇ 18, ಭಾನುವಾರ

ಅಗೆತ. ಆಳು ಬೇಡ, ನಾನೇ ಅಂತ ಇವರು ಗುದ್ದಲಿ ಹಿಡಿದರು. ಹತ್ತು ನಿಮಿಷಕ್ಕೆ ಸೊಂಟ ಹಿಡಿದರು. ಮಾಡಿದ್ದುಣ್ಣೋ ಮಹಾರಾಯ ಅಂದೆ. ಆಳು ಕರೆಸಿದೆ.

ಮಳೆನೀರಿನ ಪೈಪ್ ಬಿಡಿಸಿ, ರಸ್ತೆ ಮೋರಿಗೆ ಬೇರೆ ಲೈನ್ ಹಾಕಿಸಿ, ಹಳೇ ಜೋಡಣೆ ಬಾಯಿಗೆ ಗಟ್ಟಿ ಮುಚ್ಚಳ ಹಾಕಿಸಿದೆ. ನಮ್ಮನೆ ಗುಂಡಿ ನಾನು ನೋಡೋ ಹಾಗಿಲ್ಲ. ಸ್ಕೇಲ್ ರಜೆ ದಿನವೂ ಬಂದ. ಗುಂಡಿಗೆ ಇಳಿದ, ಸ್ಕೇಲ್ ತೆಗೆದ, ಲೆವೆಲ್ ಇಟ್ಟ, ತಲೆ ಕೆರೆದುಕೊಂಡ.

"ಮೇಡಂ, ಇಳಿಜಾರು ಸಾಲದು."

"ಎಷ್ಟಯ್ಯಾ ಕಮ್ಮಿ?"

"ಕಮ್ಮಿ ಅಂದ್ರೆ ಕಮ್ಮಿ ಮೇಡಂ. ನೀವೇ ಕಲಿಸಿದ್ದು."

ಫೇಲ್. ನನ್ನ ಮನೆ ಗುಂಡಿ, ನನ್ನ ಶಿಷ್ಯ, ಫೇಲ್. ಎಷ್ಟು ಖುಷಿ ಆಯ್ತು ಅಂದ್ರೆ ಹೇಳೋಕಾಗಲ್ಲ, ಮುಖ ಮಾತ್ರ ಗಂಟು ಹಾಕಿಕೊಂಡೇ ಇದ್ದೆ. ಪೈಪ್ ಎತ್ತಿಸಿ ಮತ್ತೆ ಕೂರಿಸಿದ್ದಾಯ್ತು. ನಾಲ್ಕು ಗಂಟೆಗೆ ಪಾಸ್. ಸೈನ್ ಮಾಡೋ ಮುಂಚೆ ಮತ್ತೊಮ್ಮೆ ಬಗ್ಗಿ ನೋಡಿದ.

ಒಂಬತ್ತನೇ ನಂಬರಿನ ತಾತ ಬೇಲಿ ಹತ್ತಿರ ಬಂದು ಎಲ್ಲಾ ನೋಡಿ, "ನಿನಗೂ ದಂಡ ಹಾಕಿದ್ರಂತೆ?" ಅಂದರು. ಹಾಕಿದ್ರು ತಾತ. "ಹಾಕಲಿ ಬಿಡು, ಹಾಕಿದವರು ನಿಯತ್ತಿನವರು" ಅಂದರು.

ಮೇ 29, ಗುರುವಾರ, ಮಧ್ಯಾಹ್ನ ಮೂರೂವರೆ

ಟೈಲರ್ ಅಕ್ಕನ ಅಂಗಡಿಯಲ್ಲೇ ಕೂತು ಬರೀತಿದ್ದೀನಿ. ಹತ್ತು ದಿನ ಒಣ ಬಿಸಿಲು, ಇವತ್ತು ಒಂದೇ ಸಲಕ್ಕೆ ಮೋಡ. ಆಫೀಸಿಂದ ಓಡಿ ಬಂದೆ. ನಾನು ಬರೋ ಹೊತ್ತಿಗೆ ಅಕ್ಕ ಬಟ್ಟೆ ಗಂಟುಗಳನ್ನೆಲ್ಲ ಮೇಜಿನ ಮೇಲೇರಿಸಿ, ಮೆಷಿನ್ ಪಕ್ಕ ಸ್ಟೂಲ್ ಹಾಕಿಕೊಂಡು, ಕಾಲು ಮೇಲಿಟ್ಟು ಕೂತಿದ್ದರು. ನನ್ನ ಕಡೆ ಇನ್ನೊಂದು ಸ್ಟೂಲ್ ತಳ್ಳಿದರು.

ಧೋ ಅಂತ ಸುರೀತಿದೆ. ಬೀದಿ ಮೋರಿ ತುಂಬಿ ಹರೀತಿದೆ. ಹರೀಲಿ, ಅದರ ಕೆಲಸ ಅದು. ಇಬ್ಬರೂ ಬಚ್ಚಲ ಜಾಲರಿ ನೋಡ್ತಾ ಕೂತಿದ್ದೀವಿ. ಐದನೇ ಮನೆ ಅಂತ ಒಂದಿದ್ರೆ? ಸ್ಕೇಲ್ ಪಾಸ್ ಮಾಡಿದ ಮುಚ್ಚಳ ಸಡಿಲ ಆಗಿದ್ರೆ?

ಮೂರು ಐವತ್ತು. ಜಾಲರಿ ಒಳಗೆ ಗುಳುಗುಳು ಸದ್ದು. ಅಕ್ಕ ನನ್ನ ಮಂಡಿ ಹಿಡಿದರು. ಸದ್ದು ನಿಂತಿತು.

ನಾಲ್ಕು ಹತ್ತು. ಇನ್ನೂ ಸುರೀತಿದೆ. ನೆಲ ಒಣಗೇ ಇದೆ.

ನಾಲ್ಕು ಇಪ್ಪತ್ತೈದು. ಅಕ್ಕ ಸ್ಟೂಲಿಂದ ಕಾಲು ಇಳಿಸಿದರು. ಬರಿಗಾಲು ನೆಲಕ್ಕೆ ಊರಿ ಒಂದು ಗಳಿಗೆ ಹಾಗೇ ನಿಂತರು. ಮೇಜಿಂದ ಒಂದು ಗಂಟು ಇಳಿಸಿ ನೆಲದ ಮೇಲಿಟ್ಟರು. ಇನ್ನೊಂದು. ತಮ್ಮನಿಗೆ ಫೋನ್ ಮಾಡಬೇಕು, ಕಾಯ್ತಿರ್ತಾನೆ ಪಾಪ, ಬರಲ್ಲ ಅಂತ ಹೇಳಬೇಕು ಅಂತಿದ್ದಾರೆ. ಮೂರನೇ ಗಂಟು ಭಾರ. "ಬರೆದಿದ್ದು ಸಾಕು ತಂಗೀ, ಆ ಕಡೆ ಹಿಡಿ" ಅಂದರು. ತಂಗಿ ಅಂದರು. ನಾನು —