ಕುಡಿತ ಬಿಟ್ಟವನಿಗೆ ಪಂಪ್‌ಹೌಸಿನ ಬೀಗದ ಕೈ ಏಕಿಲ್ಲ?

ಭದ್ರತಾ ಅನುಮತಿಯನ್ನು ನೀಡುವ, ಮತ್ತು ಹೆಚ್ಚಾಗಿ ನೀಡದಿರುವ, ಮಾನ್ಯ ಅಧಿಕಾರಿಗಳೇ,

ಕಲಬುರಗಿಯ ಖೂಬಾ ಪ್ಲಾಟಿನಲ್ಲಿರುವ ನಮ್ಮ ಓಣಿಯ ದೇವೀಂದ್ರಪ್ಪನಿಗೆ, ಕುಡಿತ ಬಿಟ್ಟ ತಪ್ಪಿಗಾಗಿ, ತಮ್ಮ ಕಚೇರಿ ಭದ್ರತಾ ಅನುಮತಿಯನ್ನು ನಿರಾಕರಿಸಿದೆ. ಅದೇ ಓಣಿಯಲ್ಲಿ ಇಂದಿಗೂ ನಿತ್ಯ ಕುಡಿಯುವ ಇನ್ನೊಬ್ಬರಿಗೆ ಅದೇ ವಾರ ಅನುಮತಿ ದಯಪಾಲಿಸಿದೆ. ಇದು ಹೇಗಾಯಿತೆಂದು ತಮಗೆ ತಿಳಿದಿರಲಾರದು. ತಿಳಿಯದವರಿಗೆ ತಿಳಿಸುವುದು ನನ್ನ ಹಳೆಯ ಉದ್ಯೋಗವಾದ್ದರಿಂದ ಈ ಪತ್ರ.

ದೇವೀಂದ್ರಪ್ಪ ನನ್ನ ವಿದ್ಯಾರ್ಥಿಯಾಗಿದ್ದವನು. ಕೇಂದ್ರ ಸರ್ಕಾರದ ಉಗ್ರಾಣವೊಂದರಲ್ಲಿ ನೀರಿನ ಪಂಪ್ ಚಾಲಕನ ಹುದ್ದೆಗೆ ಆಯ್ಕೆಯಾಗಿದ್ದಾನೆ. ಅವನ ವಶಕ್ಕೆ ಬರಬಹುದಾದ ರಾಷ್ಟ್ರೀಯ ರಹಸ್ಯವೆಂದರೆ ನೀರಿನ ಟಾಕಿ ತುಂಬಿದೆಯೇ ಇಲ್ಲವೇ ಎಂಬುದೊಂದೇ. ತುಂಬಿ ಹರಿದೊಡನೆ ಆ ರಹಸ್ಯ ಶತ್ರುವಿಗೂ ಕಾಣುತ್ತದೆ. ಇರಲಿ. ಹಿಂದೆ ಎಂದಾದರೂ ಬಂಧನವಾಗಿತ್ತೇ ಎಂದು ಅರ್ಜಿಯಲ್ಲಿ ಕೇಳಿದ್ದಿರಿ. ಸುಳ್ಳು ಬರೆಯಬಾರದೆಂದು ನಾನು ಕಲಿಸಿದ್ದ ದುಷ್ಪರಿಣಾಮವಾಗಿ ಆತ ಹೌದೆಂದು ಬರೆದ.

ಆ ಬಂಧನದ ವೃತ್ತಾಂತ ಹೀಗಿದೆ. ಹಲವು ವರ್ಷಗಳ ಹಿಂದೆ, ಹೆಂಡತಿ ಸಾಬಮ್ಮನ ತವರಾದ ಕಮಲಾಪುರಕ್ಕೆ ಹೋಗಿದ್ದಾಗ, ಆತ ಕಂಠಪೂರ್ತಿ ಕುಡಿದು ಹೆದ್ದಾರಿಯ ನಡುವೆ ನಿಂತ. ಆ ಊರಿನ ಹೆಸರಾಂತ ಕೆಂಪು ಬಾಳೆಹಣ್ಣೊಂದನ್ನು ಎತ್ತಿ ಹಿಡಿದ. ಕೆಂಪು ಕಂಡ ಲಾರಿಗಳು ನಿಂತವು. ಹಸಿರು ಕಾಯಿ ಕೈಗೆ ಸಿಗದೆ ಹೋದದ್ದರಿಂದ ಅವುಗಳನ್ನು ಬಿಡುವ ಉಪಾಯ ಮಾತ್ರ ಅವನಿಗೆ ತೋಚಲಿಲ್ಲ. ಪೊಲೀಸರು ಹಿಡಿದೊಯ್ದರು, ನ್ಯಾಯಾಲಯ ದಂಡ ವಿಧಿಸಿತು. ಅಂದು ಬಿಟ್ಟ ಕುಡಿತವನ್ನು ಆತ ಮತ್ತೆ ಮುಟ್ಟಿಲ್ಲ.

ನಡತೆಯ ವಿಚಾರಣೆಗೆಂದು ತಾವು ಕಳುಹಿಸಿದ ಪೇದೆ ಓಣಿಗೆ ಬಂದ. ನಮ್ಮಲ್ಲೊಂದು ಮರ್ಯಾದೆಯಿದೆ, ಮಾನ್ಯರೇ. ಕುಡಿಯುವವನ ಸುದ್ದಿಯನ್ನು ಪೊಲೀಸರಿಗೆ ಯಾರೂ ಹೇಳುವುದಿಲ್ಲ. ಅವನ ಹೆಂಡತಿ ಮಕ್ಕಳ ಮಾನದ ಪ್ರಶ್ನೆ. ಆದರೆ ಕುಡಿತ ಬಿಟ್ಟವನ ಸುದ್ದಿಯನ್ನು ಕೇಳದವರಿಗೂ ಕರೆದು ಹೇಳುತ್ತಾರೆ. ಅದು ಇಡೀ ಓಣಿಯ ಹೆಮ್ಮೆ. ಹೊಲಿಗೆ ಕೆಲಸದ ಜಾಹೇದಾ ಬೇಗಂ ಯಂತ್ರ ನಿಲ್ಲಿಸಿ ಎದ್ದು ಬಂದು ಸಾಕ್ಷಿ ನುಡಿದರು: “ಖರೇ ಹೇಳ್ತೀನ್ರಿ ಸಾಹೇಬ್ರ, ಮೊದಲ ಹಾಂಗ ಕುಡೀತಿದ್ದ, ಓಣಿಗೆಲ್ಲ ತ್ರಾಸ. ಈಗ ನೋಡ್ರಿ, ಚಾ ಕೊಟ್ರೂ ಅರ್ಧಾ ಸಾಕು ಅಂತಾನ.” ಪೇದೆ ಮೊದಲರ್ಧವನ್ನು ಬರೆದುಕೊಂಡ. ಮನೆಮನೆಯವರೂ ಹೀಗೆಯೇ ಹೊಗಳಿದರು. ಹೊಗಳಿದಷ್ಟೂ ಅವನ ಕುಡಿತಕ್ಕೆ ಸಾಕ್ಷಿಗಳು ಹೆಚ್ಚಿದರು. ಆ ಇನ್ನೊಬ್ಬರ ಬಗ್ಗೆ ಕೇಳಿದಾಗ ಎಲ್ಲರೂ ಒಕ್ಕೊರಲಿನಿಂದ ‘ಛಲೋ ಮನಷ್ಯಾರೀ’ ಎಂದರು. ಅವರ ಹೆಸರನ್ನು ನಾನೂ ಹೇಳಲಾರೆ. ನಾನೂ ಅದೇ ಓಣಿಯವನು.

ಅನಂತರ ತಮ್ಮ ಕಚೇರಿ, ಈಚೆಗೆ ಕುಡಿದಿಲ್ಲವೆಂಬುದಕ್ಕೆ ಪುರಾವೆ ಕೇಳಿತು. ಕುಡಿದದ್ದನ್ನು ಕಂಡವರಿರಬಹುದು, ಕುಡಿಯದಿದ್ದುದನ್ನು ಕಂಡವರನ್ನು ಎಲ್ಲಿಂದ ತರಬೇಕು? ಬಹಳ ಯೋಚಿಸಿ, ಅದನ್ನು ಬಲ್ಲವನು ಮದ್ಯ ಮಾರುವವನೇ ಎಂದು ತರ್ಕಿಸಿ, ದೇವೀಂದ್ರಪ್ಪನನ್ನು ಜಗತ್ ಸರ್ಕಲ್ಲಿನ ಬಳಿ ಅವನು ಹಿಂದೆ ಕುಡಿಯುತ್ತಿದ್ದ ಅಂಗಡಿಗೆ ನಾನೇ ಕರೆದೊಯ್ದೆ. ಅಂಗಡಿಯವನು ಬೆರಗಾಗಿ, “ಏ ದೇವೀಂದ್ರಾ, ಎಲ್ಲಿ ಹೋಗಿದ್ಯೋ? ಸತ್ತಿ ಅಂತ ಮಾಡಿದ್ದೆ” ಎಂದ. ಇದಕ್ಕಿಂತ ಪ್ರಾಮಾಣಿಕವಾದ ನಡತೆಪತ್ರ ಲೋಕದಲ್ಲಿ ಇನ್ನೊಂದುಂಟೇ? ಆದರೆ ತಮ್ಮ ಪೇದೆ ಎದುರಿನ ಚಹಾದಂಗಡಿಯಲ್ಲಿ ಕುಳಿತಿದ್ದ. ಅಭ್ಯರ್ಥಿಯು ಈಗಲೂ ಮದ್ಯದಂಗಡಿಗೆ ಹೋಗುತ್ತಾನೆಂದೂ, ಜೊತೆಗೆ ವಯಸ್ಸಾದ ಸಂಗಡಿಗನೊಬ್ಬನಿದ್ದನೆಂದೂ ವರದಿಯಾಯಿತು. ಅನುಮತಿ ನಿರಾಕರಣೆಯಾಯಿತು.

ಕುಡುಕನನ್ನು ಶತ್ರುಗಳು ಹೆದರಿಸಿ ಬಳಸಿಕೊಂಡಾರು ಎಂಬುದು ತಮ್ಮ ಆತಂಕವೆಂದು ಕೇಳಿದ್ದೇನೆ. ಒಪ್ಪುತ್ತೇನೆ. ಆದರೆ ಹೆದರಿಸಲು ಒಂದು ಗುಟ್ಟು ಬೇಡವೇ? ದೇವೀಂದ್ರಪ್ಪನ ಗುಟ್ಟು ಹೊರಗೆಡಹುತ್ತೇನೆಂದು ಬಂದ ಗೂಢಚಾರನನ್ನು ಜಾಹೇದಾ ಬೇಗಂ ಕುಳ್ಳಿರಿಸಿ, ಅವನಿಗೆ ತಿಳಿಯದ ಭಾಗವನ್ನೂ ತಾವೇ ಹೇಳಿ ಕಳುಹಿಸಿಯಾರು. ಗುಟ್ಟಿರುವುದು ಆ ಇನ್ನೊಬ್ಬರಲ್ಲಿ. ಅವರಿಗೆ ತಾವು ದಾಖಲೆಗಳ ಕೋಣೆಯನ್ನೇ ಒಪ್ಪಿಸಿದ್ದೀರಿ.

ಇಲ್ಲಿಯವರೆಗೆ ನಗಬಹುದಾಗಿತ್ತು. ಮೊನ್ನೆ ಸಾಬಮ್ಮ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತಳು. ಒಳಗೆ ಬಾರಮ್ಮ ಎಂದರೂ ಬರಲಿಲ್ಲ. “ನೌಕರಿ ಹೋದ್ರ ಹೋಗ್ಲಿ ಬಿಡ್ರಿ ಸರ್. ಆದ್ರ ಅಂವ ಒಂದೇ ಮಾತು ಹಿಡಿದು ಕುಂತಾನ. ಕುಡಿದಾಗೂ ಕುಡುಕ, ಬಿಟ್ಟಾಗೂ ಕುಡುಕ, ಮತ್ತ ನಾ ಬಿಟ್ಟಿದ್ದ್ಯಾಕ ಅಂತ ಕೇಳ್ತಾನ್ರಿ. ನಾ ಏನ್ ಹೇಳ್ಲಿ?”

ಹುದ್ದೆಗೆ ಸೇರುವ ಗಡುವು ಈ ತಿಂಗಳ ಕೊನೆಗೆ ಮುಗಿಯುತ್ತದೆ. ಅಷ್ಟರೊಳಗೆ ನಿರಾಕರಣೆಯನ್ನು ಹಿಂತೆಗೆದುಕೊಂಡು, ಜನ ಹೇಳಿದ ಮಾತನ್ನು ಕೊನೆಯವರೆಗೂ ಕೇಳಬಲ್ಲ ಒಬ್ಬರಿಂದ ಮರುವಿಚಾರಣೆ ನಡೆಸತಕ್ಕದ್ದು ಎಂಬುದು ನನ್ನ ಆಗ್ರಹ. ಅದು ಅಸಾಧ್ಯವಾದರೆ, ಅವನು ಕುಡಿತವನ್ನು ಏಕೆ ಬಿಡಬೇಕಾಗಿತ್ತು ಎಂಬುದಕ್ಕೆ ಉತ್ತರವನ್ನು ತಮ್ಮ ಮೊಹರಿನೊಂದಿಗೆ ಬರೆದು ಕಳುಹಿಸಿರಿ. ನಾನೇ ಹೋಗಿ ಸಾಬಮ್ಮನಿಗೆ ಓದಿ ಹೇಳುತ್ತೇನೆ.

ಇಂತಿ,
ತರಗತಿಯಲ್ಲಿ ಯಾವ ಪ್ರಶ್ನೆಗೂ ತಡವರಿಸದಿದ್ದು, ಈಗ ಒಂದು ಪ್ರಶ್ನೆಯನ್ನು ಹೊತ್ತು ತಮ್ಮ ಬಾಗಿಲಿಗೆ ಬಂದ
ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯ
ಖೂಬಾ ಪ್ಲಾಟ್, ಕಲಬುರಗಿ